ಇಟಲಿಗೆ ಹೋದ ಅರಿಶಿನದ ಕಾರ್ಡುಗಳು

ಶಿವಾಜಿನಗರ

ವಿದೇಶಕ್ಕೆ ಹೋಗಿ ಬಂದವರು ಹಿಮ, ಗೋಪುರ, ವಸ್ತುಸಂಗ್ರಹಾಲಯ, ಕಸವಿಲ್ಲದ ರಸ್ತೆ ಇವುಗಳ ಬಗ್ಗೆ ಬರೆಯುತ್ತಾರೆ. ನಾನು ಇಟಲಿಯಲ್ಲಿ ಮುಖ್ಯವಾಗಿ ನೋಡಿದ್ದು ಒಂದು ಗೋಡೆ. ಅದರ ಮೇಲೆ ಒಂದು ಪೋಸ್ಟ್‌ಕಾರ್ಡ್ ಅಂಟಿಸುವುದಕ್ಕಾಗಿ ಹಲಸೂರಿನ ನಮ್ಮ ಮನೆಯಿಂದ ಹೊರಟು, ವಿಮಾನ ಇಳಿದು ವಿಮಾನ ಹತ್ತಿ, ಜೊತೆಗೆ ಅತ್ತೆಯನ್ನೂ ಕರೆದುಕೊಂಡು ಅಷ್ಟು ದೂರ ಹೋಗಿದ್ದೆ. ಬುದ್ಧಿ ಇರುವವರು ಮಾಡುವ ಕೆಲಸವಲ್ಲ. ಆದರೆ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದು ಬದುಕುತ್ತೇನೆ ಎಂದು ಹೊರಟವಳಿಗೆ ಬುದ್ಧಿ ಇದೆಯೆಂದು ನಮ್ಮ ನೆಂಟರಲ್ಲಿ ಯಾರೂ ಇದುವರೆಗೆ ಆರೋಪ ಮಾಡಿಲ್ಲ.

ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆಗ ನಾನು ಶಿವಾಜಿನಗರದ ಮೊದಲಿಯಾರ್ ಎನ್ನುವ ಪ್ರಕಾಶಕರಿಗೆ ಚಿತ್ರ ಬರೆಯುತ್ತಿದ್ದೆ. ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ನರಿ, ಮೊಸಳೆ, ರಾಜಕುಮಾರಿ, ಪಂಚೆ ಉಟ್ಟ ಕರಡಿ, ಏನು ಕೇಳಿದರೆ ಅದನ್ನು ಬರೆದು ಕೊಟ್ಟಿದ್ದೇನೆ. ಪುಸ್ತಕದ ಮುಖಪುಟದಲ್ಲಿ ಮೇಲೆ ಕಥೆ ಬರೆದವರ ಹೆಸರು, ಕೆಳಗೆ ಪ್ರಕಾಶನದ ಹೆಸರು, ಪಕ್ಕದಲ್ಲಿ ಒಂದು ನಕ್ಷತ್ರದೊಳಗೆ ‘ಆಕರ್ಷಕ ಬಣ್ಣದ ಚಿತ್ರಗಳೊಂದಿಗೆ’ ಎಂಬ ಸಾಲು. ಆ ಆಕರ್ಷಕ ಚಿತ್ರಗಳು ಎಲ್ಲಿಂದ ಬಂದವು ಎಂದು ಯಾರೂ ಕೇಳುತ್ತಿರಲಿಲ್ಲ. ಹಿತ್ತಲಿನ ಹಾಗಲಬಳ್ಳಿಯ ಹಾಗೆ ತಮ್ಮಷ್ಟಕ್ಕೆ ತಾವೇ ಹಬ್ಬಿಕೊಂಡಿರಬೇಕು.

ಒಂದು ದಿನ ನನ್ನ ಮಗಳು ಅಂಥ ಪುಸ್ತಕವೊಂದನ್ನು ಶಾಲೆಗೆ ತೆಗೆದುಕೊಂಡು ಹೋಗಿ, ಇದರ ಚಿತ್ರಗಳನ್ನು ನಮ್ಮಮ್ಮ ಬರೆದದ್ದು ಎಂದಳು. ಟೀಚರು ಮೊದಲ ಪುಟ ತಿರುವಿದರು, ಕೊನೆಯ ಪುಟ ತಿರುವಿದರು, ಹೆಸರೆಲ್ಲಿದೆ ಎಂದು ಕೇಳಿದರು. ಹುಡುಗಿ ಸುಳ್ಳು ಹೇಳುತ್ತಾಳೆ ಎಂದು ಡೈರಿಯಲ್ಲಿ ಬರೆದು ಕಳಿಸಿದರು. ಅವತ್ತು ಅವಳು ಅತ್ತದ್ದಕ್ಕಿಂತ ನಾನು ಹೆಚ್ಚು ಅತ್ತೆ. ಮರುದಿನವೇ ಮೊದಲಿಯಾರ್ ಅವರ ಮುಂದೆ ಹೋಗಿ ನಿಂತೆ.

‘ಹೆಸರು ಹಾಕಿದ್ರೆ ಏನಾಗುತ್ತೆ ಗೊತ್ತಾ ಡ್ರಾಯಿಂಗ್ ಮೇಡಂ? ಬೇರೆ ಪಬ್ಲಿಷರ್‌ಗಳು ನಿಮ್ಮನ್ನ ಹುಡುಕ್ಕೊಂಡ್ ಬಂದ್ಬಿಡ್ತಾರೆ. ಆಮೇಲೆ ನಿಮಗೇ ತೊಂದ್ರೆ. ನಿಮ್ಮ ಒಳ್ಳೇದಕ್ಕೇ ನಾನ್ ಹೇಳ್ತಿರೋದು’ ಎಂದರು. ನನಗೆ ಕೆಲಸ ಹೆಚ್ಚಾಗಿ ತೊಂದರೆಯಾದೀತು ಎಂದು ಅವರು ಅಷ್ಟು ವರ್ಷ ಒಬ್ಬರೇ ಚಿಂತೆ ಮಾಡುತ್ತಿದ್ದರು ಎಂದು ತಿಳಿದು ನನ್ನ ಹೃದಯ ತುಂಬಿ ಬಂತು.

ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಪುಸ್ತಕ, ಅದರ ಮುಖಪುಟದ ಮೇಲೆ ನನ್ನ ಹೆಸರು. ಇಲ್ಲಿ ಆಗದಿದ್ದರೆ ಬೇರೆ ದೇಶದಲ್ಲಾದರೂ ಆಗಲಿ ಎಂದು ಹಟ ಹುಟ್ಟಿತು. ಕಂಟೋನ್ಮೆಂಟಿನ ಲೈಬ್ರರಿಯೊಂದರಲ್ಲಿ ವಿದೇಶಿ ಪತ್ರಿಕೆ ತಿರುವುತ್ತಿದ್ದಾಗ ಅಲ್ಲಿನ ಚಿತ್ರಕಾರರ ಉಪಾಯ ತಿಳಿಯಿತು. ಅವರು ತಮ್ಮ ಒಂದು ಚಿತ್ರವನ್ನು ಪೋಸ್ಟ್‌ಕಾರ್ಡಿನ ಮೇಲೆ ಅಚ್ಚು ಹಾಕಿಸಿ ಊರೂರಿನ ಸಂಪಾದಕರಿಗೆ ಹಂಚುತ್ತಾರೆ. ಸಂಪಾದಕರು ಅದನ್ನು ಮೇಜಿನೆದುರಿಗೆ ಚುಚ್ಚಿಟ್ಟುಕೊಳ್ಳುತ್ತಾರೆ. ಒಂದು ದಿನ ತಲೆಯೆತ್ತಿ ನೋಡಿ ಫೋನ್ ಮಾಡುತ್ತಾರೆ. ವರ್ಷಕ್ಕೊಮ್ಮೆ ಇಟಲಿಯಲ್ಲಿ ಮಕ್ಕಳ ಪುಸ್ತಕಗಳದ್ದೇ ಒಂದು ದೊಡ್ಡ ಮೇಳ ನಡೆಯುತ್ತದೆ, ಎಲ್ಲ ದೇಶದ ಸಂಪಾದಕರೂ ಅಲ್ಲಿಗೆ ಬರುತ್ತಾರೆ ಎಂದೂ ಬರೆದಿತ್ತು.

ಮರ್ಫಿ ಟೌನಿನ ಬೀದಿ ನಲ್ಲಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು, ಸಾಲಿನ ನಡುವೆ ತನ್ನ ಪಾಳಿಗೆ ಕಾಯುವಂತೆ ನಿಂತ ಒಂದು ಮೇಕೆ: ನನ್ನ ಚಿತ್ರಗಳಲ್ಲಿ ಅದೇ ನನಗೆ ಹೆಚ್ಚು ಇಷ್ಟ. ಅದನ್ನು ತೆಗೆದುಕೊಂಡು ಶಿವಾಜಿನಗರದ ಸಂದಿಯೊಂದರ ಪ್ರೆಸ್ಸಿಗೆ ಹೋದೆ. ಮದುವೆ ಕಾರ್ಡು ಬಿಟ್ಟು ಬೇರೇನೂ ಅಚ್ಚು ಮಾಡದ ಪ್ರೆಸ್ಸು. ಅದರ ಯಜಮಾನ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ, ‘ಹುಡುಗ ಹುಡುಗಿ ಹೆಸರು ಎಲ್ಲಿ ಬರುತ್ತೆ ಮೇಡಂ?’ ಎಂದು ಕೇಳಿದ. ಹುಡುಗ ಹುಡುಗಿ ಇಲ್ಲ, ನನ್ನೊಬ್ಬಳದೇ ಹೆಸರು ಎಂದಾಗ ಪಾಪ ಎನ್ನುವ ಹಾಗೆ ನೋಡಿದ. ಕಾರ್ಡಿನ ಹಿಂಭಾಗ ಬರೆಯುವುದಕ್ಕೆ ಖಾಲಿ. ನನ್ನ ಹೆಸರು, ಫೋನ್ ನಂಬರು, ಇಮೇಲು ಮೂರನ್ನೂ ಚಿತ್ರದ ಕೆಳಗೆ ಬಲಗಡೆಯ ಮೂಲೆಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಹಾಕಿಸಿದೆ. ದೊಡ್ಡ ಕಲಾವಿದರು ಹಾಗೇ ಮಾಡುತ್ತಾರೆ ಎಂದು ಪತ್ರಿಕೆಯಲ್ಲಿ ನೋಡಿದ್ದೆ.

ಇನ್ನು ಹೋಗುವ ಖರ್ಚು. ಅತ್ತೆ ಕೆ.ಆರ್. ಪುರದ ಹಳೆಯ ಒಕ್ಕಲು ಮನೆಯವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಅಂಗಡಿ ಸಾಲು ಬೆಳೆದಿದೆ. ‘ಅಂಗ್ಡಿ ಬಾಡಿಗೆ ದುಡ್ಡು ನಾನ್ ಕೊಡ್ತೀನಿ ಕಣೇ. ಆದ್ರೆ ಒಬ್ಳೇ ಹೋಗೋದು ಬೇಡ, ನಾನೂ ಬರ್ತೀನಿ’ ಎಂದರು. ಗಂಡ ನನ್ನನ್ನು ನೋಡಿದರು, ತಮ್ಮ ತಾಯಿಯನ್ನು ನೋಡಿದರು, ಮನೆಯಲ್ಲಿ ಒಂದು ವಾರ ಸಿಗಲಿರುವ ನೆಮ್ಮದಿಯನ್ನು ನೆನೆದು, ಒಳ್ಳೆಯ ಯೋಚನೆ ಎಂದರು.

ನಮ್ಮ ಪಕ್ಕದ ವಿಮಾನ ನಿಲ್ದಾಣ

ಆಗ ಬೆಂಗಳೂರಿನ ವಿಮಾನ ನಿಲ್ದಾಣ ನಮ್ಮ ಕಡೆಯೇ ಇತ್ತು. ವಿದೇಶ ಪ್ರಯಾಣದಲ್ಲಿ ನನಗೆ ಸುಲಭವಾಗಿದ್ದದ್ದು ಆ ಆಟೋ ಸವಾರಿ ಒಂದೇ. ಅತ್ತೆ ಜೀವಮಾನವೆಲ್ಲ ತಲೆಯ ಮೇಲೆ ಹಾರುವ ವಿಮಾನಗಳನ್ನು ಬೈದುಕೊಂಡು ಬಂದವರು. ಈಗ ಅದರೊಳಗೇ ಕೂರಬೇಕಾಗಿ ಬಂದದ್ದರಿಂದ ಸ್ವಲ್ಪ ಬಿಗುಮಾನದಲ್ಲಿದ್ದರು.

ಅವರ ಚೀಲದಲ್ಲಿ ರಾಗಿ ಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ, ಜೊತೆಗೆ ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಅರಿಶಿನ. ತಪಾಸಣೆಯವನು ಡಬ್ಬಿ ತೆಗೆಸಿ ಇದೇನಮ್ಮ ಎಂದ.

‘ಅರಿಶಿನ ಕಣಪ್ಪ. ಯಾಕೆ, ನಿಮ್ಮನೇಲಿ ನಿಮ್ಮಮ್ಮ ಇಲ್ವಾ?’

ಅವನು ಬೇಗಬೇಗ ಮುಚ್ಚಳ ಮುಚ್ಚಿಕೊಟ್ಟ. ಜರ್ಮನಿಯಲ್ಲಿ ವಿಮಾನ ಬದಲಿಸುವಾಗ ಅಷ್ಟು ಸುಲಭವಾಗಲಿಲ್ಲ. ಅಲ್ಲಿ ಡಬ್ಬಿಯನ್ನು ಇಬ್ಬರು ಅಧಿಕಾರಿಗಳು ನೋಡಿದರು, ಸಾಲದೆಂದು ಒಂದು ನಾಯಿಯನ್ನು ಕರೆಸಿ ಮೂಸಿಸಿದರು. ನಾಯಿ ಜೋರಾಗಿ ಸೀನಿತು. ಅಧಿಕಾರಿಗಳು ನಾಯಿಗೆ ಸಮಾಧಾನ ಹೇಳಿದರು, ನಮಗೆ ಹೇಳಲಿಲ್ಲ. ಇಷ್ಟೊಂದು ಅರಿಶಿನ ಯಾಕೆ ಅತ್ತೆ ಎಂದು ಕೇಳಿದರೆ, ಬೇಕಾಗುತ್ತೆ ಬಿಡು ಎಂದರು. ಅಡುಗೆಗೆ ಎಂದುಕೊಂಡು ನಾನೂ ಸುಮ್ಮನಾದೆ.

ಮೊದಲ ದಿನ: ಹೋಟೆಲು

ಉತ್ತರ ಇಟಲಿಯ ಆ ಊರು ಪೂರ್ತಿ ಕೆಂಪು. ಮನೆ ಕೆಂಪು, ಹೆಂಚು ಕೆಂಪು, ರಸ್ತೆಯುದ್ದಕ್ಕೂ ಕಮಾನಿನ ಜಗಲಿ. ಮಳೆ ಬಂದರೂ ನೆನೆಯದೆ ಊರೆಲ್ಲ ಸುತ್ತಬಹುದು. ನಮ್ಮ ಕಮರ್ಷಿಯಲ್ ಸ್ಟ್ರೀಟಿನಲ್ಲೂ ಅಂಗಡಿ ಮುಂದೆ ಇಂಥ ಜಾಗ ಕೆಲವು ಕಡೆ ಇದೆ, ಆದರೆ ನಾವು ಅದನ್ನು ನಡೆಯುವುದಕ್ಕೆ ಬಿಟ್ಟು ಹಾಳು ಮಾಡುವುದಿಲ್ಲ, ಬೆಲ್ಟು ಬನಿಯನ್ನು ಹರಡಿ ಸದುಪಯೋಗ ಮಾಡುತ್ತೇವೆ.

ಕಾಫಿ ಕೇಳಿದರೆ ಗೊಂಬೆಯಾಟದ ಬಟ್ಟಲಲ್ಲಿ ತಳಕ್ಕೆ ಅಂಟಿದ ಹಾಗೆ ಕೊಟ್ಟರು. ‘ಏನೇ ಇದು, ಔಷಧಿ ಕೊಟ್ಟಂಗೆ ಕೊಟ್ಟವ್ಳೆ?’ ಎಂದರು ಅತ್ತೆ. ಅಕ್ಕಪಕ್ಕದಲ್ಲಿ ಕೋಟು ಹಾಕಿದ ಜನರೆಲ್ಲ ನಿಂತೇ ಕುಡಿದು ಹೋಗುವುದನ್ನು ನೋಡಿ, ‘ಅಯ್ಯೋ, ಇವ್ರಿಗೂ ಕೂರಕ್ಕೆ ಜಾಗ ಇಲ್ವಂತೆ ಪಾಪ, ನಮ್ಮ ದರ್ಶಿನಿ ತರಾನೇ’ ಎಂದು ಸಮಾಧಾನಪಟ್ಟರು. ಕೂತು ಕುಡಿದರೆ ಬೇರೆ ದರ ಎಂದು ಆಮೇಲೆ ತಿಳಿಯಿತು. ನಾವೂ ನಿಂತೆವು.

ಹೋಟೆಲಿನ ಒಡತಿ ದಪ್ಪನೆಯ ಹೆಂಗಸು. ಅವಳಿಗೆ ಇಂಗ್ಲಿಷ್ ಬಾರದು, ಅತ್ತೆಗೂ ಬಾರದು. ಆದ್ದರಿಂದ ಇಬ್ಬರೂ ಬಂದ ಅರ್ಧ ಗಂಟೆಯಲ್ಲೇ ಆಪ್ತರಾದರು. ಅತ್ತೆಯನ್ನು ಕೋಣೆಯಲ್ಲಿ ಬಿಟ್ಟು, ಮೇಳದ ಪಾಸು ತರುವುದಕ್ಕೆಂದು ನಾನೊಬ್ಬಳೇ ಹೋದೆ. ಸಾಲು ಉದ್ದವಿತ್ತು. ಎಲ್ಲರೂ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು ಎಂದು ಬರೆಯುವ ಆಸೆ ಇದೆ, ಆದರೆ ಇಟಲಿಯವರ ಸಾಲು ನಮ್ಮ ಶಿವಾಜಿನಗರ ಬಸ್ ಸ್ಟ್ಯಾಂಡಿನ ಸಾಲಿಗೆ ಹತ್ತಿರದ ಸಂಬಂಧಿ. ಅಭ್ಯಾಸವಿದ್ದದ್ದರಿಂದ ಮೊಣಕೈ ಬಳಸಿ ಬೇಗ ಮುಗಿಸಿಕೊಂಡು ಬಂದೆ.

ಕೋಣೆಯ ಬಾಗಿಲು ತೆಗೆದರೆ ನೆಲದ ಮೇಲೆಲ್ಲ ಮೇಕೆಗಳು. ನನ್ನ ಕಾರ್ಡಿನ ಕಟ್ಟುಗಳನ್ನೆಲ್ಲ ಬಿಚ್ಚಿ, ಒಂದೊಂದಾಗಿ ಹರಡಿ, ಅತ್ತೆ ನಡುವೆ ಕಾಲು ಚಾಚಿ ಕೂತಿದ್ದರು. ತೊಡೆಯ ಪಕ್ಕ ಹೋಟೆಲಿನ ಟೀ ತಟ್ಟೆ, ಅದರ ತುಂಬ ನೀರಲ್ಲಿ ಕಲಸಿದ ಅರಿಶಿನ. ಹೆಬ್ಬೆಟ್ಟು ಅದ್ದಿ ಅದ್ದಿ, ಪ್ರತಿಯೊಂದು ಕಾರ್ಡಿನ ನಾಲ್ಕೂ ಮೂಲೆಗೆ ಧಾರಾಳವಾಗಿ ಹಚ್ಚಿದ್ದರು. ಜಾಗ ಸಾಲದೆ ಹಾಸಿಗೆಯ ಬಿಳಿ ಹೊದಿಕೆಯ ಮೇಲೂ ಒಣಗಲು ಇಟ್ಟಿದ್ದರು. ನನ್ನ ಹಿಂದೆಯೇ ಬಂದ ಒಡತಿ ಬಾಗಿಲಲ್ಲಿ ನಿಂತು ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡು ದೇವರನ್ನು ಕರೆಯುತ್ತಿದ್ದಳು.

‘ಆಯ್ತು ನೋಡು, ಎಲ್ಲ ಮುಗೀತು. ಸೊಂಟ ಬಿದ್ದೋಯ್ತು’ ಎಂದರು ಅತ್ತೆ ಹೆಮ್ಮೆಯಿಂದ.

ನಾನು ಒಂದು ಕಾರ್ಡು ಎತ್ತಿಕೊಂಡೆ. ಬಲಗಡೆಯ ಕೆಳಮೂಲೆಯಲ್ಲಿ ದಪ್ಪಗೆ ಅತ್ತೆಯ ಹೆಬ್ಬೆಟ್ಟು. ಅದರಡಿ ಮುಚ್ಚಿಹೋದ ನನ್ನ ಹೆಸರು. ಉಗುರಿನಿಂದ ಕೆರೆದೆ, ಕಾಗದವೇ ಎದ್ದು ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಮೇಕೆಯ ಕಾಲಿನವರೆಗೂ ಹಳದಿ ಹರಡಿತು.

‘ಏನ್ ಮಾಡ್ಬಿಟ್ರಿ ಅತ್ತೆ! ಯಾರ್ ನಿಮಗೆ ಇದನ್ನ ಮುಟ್ಟಿ ಅಂದಿದ್ದು?’

‘ಯಾರ್ ಹೇಳ್ಬೇಕು? ಹೊಸ ಕಾರ್ಡು ಕೊಡಕ್ಕೆ ಹೊರಟಿದ್ದೀಯ, ಅರಿಶಿನ ಇಲ್ದೆ ಕೊಡ್ತಾರೇನೇ? ಅರಿಶಿನ ಇಲ್ದಿರೋದು ತಿಥಿ ಕಾರ್ಡು. ಇಷ್ಟ್ ದೂರ ಬಂದು ಸಿಕ್ಕಿದವ್ರಿಗೆಲ್ಲ ತಿಥಿ ಕಾರ್ಡ್ ಕೊಟ್ರೆ ನಿಂಗ್ಯಾವನ್ ಕೆಲ್ಸ ಕೊಡ್ತಾನೆ?’

‘ನನ್ನ ಹೆಸರು ಇತ್ತು ಅಲ್ಲಿ! ಆ ಮೂಲೇಲಿ ನನ್ನ ಹೆಸರಿತ್ತು! ಅದಕ್ಕೋಸ್ಕರಾನೇ ಬಂದಿರೋದು ನಾನು!’

ಅತ್ತೆ ಒಂದು ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಇಂಗ್ಲಿಷ್ ಅಕ್ಷರ ಅವರಿಗೆ ಬಾರದು. ‘ಇಲ್ಲಿ ಇದ್ದಿದ್ದು ಹೆಸರಾ? ನಾನು ಏನೋ ಪ್ರೆಸ್ಸಿನವ್ನ ನಂಬರು ಅಂದ್ಕೊಂಡೆ. ಅಲ್ಲ ಕಣೇ, ಹೆಸರನ್ನ ಯಾರಾದ್ರೂ ಮೂಲೇಲಿ ಹಾಕಿಸ್ತಾರಾ? ಮದ್ವೆ ಹೆಣ್ಣಿನ ಹೆಸರು ಕಾರ್ಡಿನ ಮೂಲೇಲಿ ಇರೋದನ್ನ ಎಲ್ಲಾದ್ರೂ ನೋಡಿದ್ಯಾ? ಮೂಲೆ ಇರೋದು ಅರಿಶಿನಕ್ಕೆ.’

ನಾನು ಸಿಟ್ಟಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಟ್ಟೆ ತೊಳೆದಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಹೊದಿಕೆಯ ಕಲೆ ಹೋಗಲಿಲ್ಲ. ಒಡತಿ ಅದನ್ನು ನಮ್ಮ ಲೆಕ್ಕಕ್ಕೆ ಸೇರಿಸಿದಳು, ಆಪ್ತತೆ ಬೇರೆ, ಹೊದಿಕೆ ಬೇರೆ.

ಎರಡನೆಯ ದಿನ: ಗೋಡೆ

ಬೆಳಿಗ್ಗೆ ಕೂತು ಕಾರ್ಡಿನ ಹಿಂಭಾಗದಲ್ಲಿ ಕೈಬರಹದಲ್ಲಿ ಹೆಸರು ಬರೆಯತೊಡಗಿದೆ. ಅರಿಶಿನ ಒಣಗಿ ಒಂದಕ್ಕೊಂದು ಅಂಟಿದ್ದ ಕಾರ್ಡುಗಳನ್ನು ಬಿಡಿಸುವುದರಲ್ಲೇ ಹೊತ್ತು ಹೋಯಿತು. ಬರೆದಷ್ಟನ್ನು ತೆಗೆದುಕೊಂಡು, ಮಾತು ಬಿಟ್ಟಿದ್ದ ಅತ್ತೆಯನ್ನೂ ಕರೆದುಕೊಂಡು ಮೇಳಕ್ಕೆ ಹೋದೆ.

ಮೇಳದ ಬಾಗಿಲಲ್ಲೇ ಚಿತ್ರಕಾರರಿಗೆಂದು ಬಿಟ್ಟ ದೊಡ್ಡ ಬಿಳಿ ಗೋಡೆ. ಯಾರು ಬೇಕಾದರೂ ಕಾರ್ಡು ಅಂಟಿಸಬಹುದು. ನಾನು ಹೋಗುವ ಹೊತ್ತಿಗೆ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಗೈಯಗಲ ಜಾಗವೂ ಉಳಿದಿರಲಿಲ್ಲ. ಕೋಟು ತೊಟ್ಟ ಮೊಲಗಳು, ಚಂದ್ರನ ಮೇಲೆ ಕೂತ ಮೊಲಗಳು, ದುಃಖದಲ್ಲಿರುವ ಮೊಲಗಳು. ಯುರೋಪಿನ ಮಕ್ಕಳಿಗೆ ಮೊಲ ಬಿಟ್ಟು ಬೇರೆ ಪ್ರಾಣಿ ಹುಟ್ಟಿರುವ ಸುದ್ದಿ ಇನ್ನೂ ಮುಟ್ಟಿಲ್ಲ. ಕೆಳಗೆ ಒಂದು ಕಡೆ ಬಗ್ಗಿ ನನ್ನದೊಂದು ಅಂಟಿಸಿದೆ. ಪಕ್ಕದಲ್ಲಿದ್ದ ಹುಡುಗಿ ಎಷ್ಟು ಸುಂದರ, ಎಷ್ಟು ಸುಂದರ ಎಂದು ಎದೆ ಮೇಲೆ ಕೈಯಿಟ್ಟುಕೊಂಡಳು. ನಾನು ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದರೆ ನನ್ನ ಮೇಕೆಯ ಮೇಲೆ ಅವಳ ಮೊಲ ಕೂತಿತ್ತು. ನಮ್ಮೂರಲ್ಲಿ ಸಿನಿಮಾ ಪೋಸ್ಟರಿನವರು ಇದೇ ಕೆಲಸವನ್ನು ಮೈದಾ ಅಂಟು ಹಚ್ಚಿ ಮಾಡುತ್ತಾರೆ. ಆದರೆ ಮೊದಲು ಹೊಗಳುವ ಸಂಪ್ರದಾಯ ಇಲ್ಲ.

ಸಂಪಾದಕರ ಮಳಿಗೆಗಳಲ್ಲಿ ಇನ್ನೂ ಶಿಸ್ತು. ಪ್ರತಿ ಮಳಿಗೆಯ ಮುಂದೆ ಒಂದು ರಟ್ಟಿನ ಪೆಟ್ಟಿಗೆ. ಕಾರ್ಡು ಇಲ್ಲಿ ಹಾಕಿ ಎಂದು ಬರೆದಿದೆ. ಹಾಕಿದವರನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಪೆಟ್ಟಿಗೆ ತುಂಬಿದಾಗ ಒಬ್ಬಳು ಬಂದು ಮೇಜಿನ ಕೆಳಗಿನ ದೊಡ್ಡ ಚೀಲಕ್ಕೆ ಸುರಿದುಕೊಳ್ಳುತ್ತಾಳೆ. ಅದೇ ಚೀಲಕ್ಕೆ ಕಾಫಿಯ ಕಾಗದದ ಲೋಟಗಳನ್ನೂ ಎಸೆಯುತ್ತಿದ್ದದ್ದನ್ನು ಕಂಡಾಗ ವ್ಯವಸ್ಥೆ ಪೂರ್ತಿ ಅರ್ಥವಾಯಿತು. ಆದರೂ ನಾನು ಹೋದಲ್ಲೆಲ್ಲ ಕಾರ್ಡು ಹಾಕುತ್ತಾ ಹೋದೆ.

ಅತ್ತೆ ಇದನ್ನೆಲ್ಲ ಸಂಜೆಯವರೆಗೂ ನೋಡಿದರು. ಕೊನೆಗೆ ತಡೆಯಲಾರದೆ ಮೌನ ಮುರಿದರು. ‘ಏನೇ ಇದು, ಹುಂಡಿಗೆ ಹಾಕ್ದಂಗೆ ಹಾಕ್ತಿದ್ದೀಯ? ಕಾರ್ಡನ್ನ ಕೈಗೆ ಕೊಡ್ಬೇಕು. ಕೊಡು ಇಲ್ಲಿ.’

ಕಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು, ಸೆರಗು ಸರಿಮಾಡಿಕೊಂಡು, ಎದುರಿಗಿದ್ದ ಮಳಿಗೆಗೆ ನೇರ ನುಗ್ಗಿದರು. ಅಲ್ಲಿ ಇಬ್ಬರು ಮುಖ್ಯ ವ್ಯಕ್ತಿಗಳು ಏನೋ ಗಂಭೀರವಾಗಿ ಮಾತಾಡುತ್ತಿದ್ದರು. ಅತ್ತೆ ನಡುವೆ ನಿಂತು ಎರಡು ಕೈಯಲ್ಲಿ ಕಾರ್ಡು ಚಾಚಿ, ‘ನಮ್ಮ ಸೊಸೆ ಬರ್ದಿರೋದು ಕಣಪ್ಪ. ಮನೆಯವ್ರೆಲ್ಲ ನೋಡ್ಬೇಕು’ ಎಂದು ಅಪ್ಪಟ ಕೆ.ಆರ್. ಪುರದ ಕನ್ನಡದಲ್ಲಿ ಹೇಳಿದರು. ಎರಡು ಕೈ ಚಾಚಿ ನಿಂತ ಮುದುಕಿಯನ್ನು ಪೆಟ್ಟಿಗೆಯ ಕಡೆ ಕಳಿಸುವ ಧೈರ್ಯ ಅವರಿಗೆ ಬರಲಿಲ್ಲ. ಇಬ್ಬರೂ ಎದ್ದು ನಿಂತು, ಎರಡು ಕೈಯಲ್ಲೇ ತೆಗೆದುಕೊಂಡರು. ಅಲ್ಲಿಂದ ಪಕ್ಕದ ಮಳಿಗೆ, ಅದರ ಪಕ್ಕದ್ದು. ಮದುವೆ ಕಾರ್ಡು ಹಂಚಿ ಹಂಚಿ ಪಳಗಿದ ಕೈ. ಯಾರ ಮನೆಯನ್ನೂ ಬಿಡಬಾರದು, ಬಿಟ್ಟರೆ ಮುನಿಸಿಕೊಳ್ಳುತ್ತಾರೆ ಎನ್ನುವ ನಿಯಮದಂತೆ, ಪುಸ್ತಕ ಮಾರದವರನ್ನೂ, ನೆಲ ಒರೆಸುವವನನ್ನೂ ಬಿಡಲಿಲ್ಲ.

ಇಟಲಿಯವನೊಬ್ಬ ಹಳದಿ ಮೂಲೆಯನ್ನು ಮೂಸಿ ಕಣ್ಣರಳಿಸಿ, ಕೇಸರಿಯೇ ಎಂದು ಕೇಳಿದ. ಒಂದೊಂದು ಕಾರ್ಡಿಗೂ ಇಷ್ಟು ಕೇಸರಿ ಬಳಿಯುವ ಭಾರತದ ಶ್ರೀಮಂತಿಕೆಗೆ ತಲೆದೂಗಿದ. ನಾನು ತಿದ್ದುವುದಕ್ಕೆ ಹೋಗಲಿಲ್ಲ. ದೇಶದ ಮರ್ಯಾದೆ ಒಮ್ಮೆಯಾದರೂ ಏರಿದರೆ ಇಳಿಸುವುದಕ್ಕೆ ನಾನ್ಯಾರು?

ಮೂರನೆಯ ದಿನ: ಸ್ಕಾರ್ಫಿನ ಮನುಷ್ಯ

ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಚಟ್ನಿಪುಡಿ ಹಚ್ಚಿದ ಬ್ರೆಡ್ ತಿನ್ನುತ್ತಿದ್ದೆವು. ಕುತ್ತಿಗೆಗೆ ನೀಲಿ ಸ್ಕಾರ್ಫ್ ಸುತ್ತಿದ ಒಬ್ಬ ಮನುಷ್ಯ ಕಾರ್ಡು ಹಿಡಿದುಕೊಂಡು ಬಂದ. ಕಾರ್ಡನ್ನು ನೋಡಿದ, ಅತ್ತೆಯ ಸೀರೆ ನೋಡಿದ, ಇವರೇ ಎಂದು ಖಾತ್ರಿ ಮಾಡಿಕೊಂಡ. ಅವನು ಹೆಸರುವಾಸಿ ಪ್ರಕಾಶನವೊಂದರ ಸಂಪಾದಕ. ಹಿಂದಿನ ದಿನ ಸಿಕ್ಕ ಕಾರ್ಡುಗಳಲ್ಲಿ ಇದೊಂದೇ ತನ್ನ ಚೀಲದಿಂದ ವಾಸನೆ ಬೀರುತ್ತಿತ್ತಂತೆ. ತೆಗೆದು ನೋಡಿದ ಮೇಲೆ ಚಿತ್ರ ಬಿಡಲಾಗಲಿಲ್ಲವಂತೆ. ನಾನು ಬ್ರೆಡ್ ಪಕ್ಕಕ್ಕಿಟ್ಟು, ಜೊತೆಗೆ ತಂದಿದ್ದ ಚಿತ್ರಗಳ ಚೀಲ ಎತ್ತಿಕೊಂಡೆ.

ಅವನ ಮಳಿಗೆಯಲ್ಲಿ ಕೂರಿಸಿ ನನ್ನ ಚಿತ್ರಗಳನ್ನೆಲ್ಲ ನೋಡಿದ. ಅವರಲ್ಲೊಬ್ಬ ಲೇಖಕಿ ಭಾರತದ ಹುಡುಗಿಯೊಬ್ಬಳ ಕಥೆ ಬರೆದಿದ್ದಾಳೆ, ಭಾರತಕ್ಕೆ ಬಂದಿಲ್ಲ, ಆದರೆ ಬಹಳ ಓದಿಕೊಂಡಿದ್ದಾಳೆ, ಅದಕ್ಕೆ ನೀವೇ ಚಿತ್ರ ಬರೆಯಬೇಕು ಎಂದ. ನನಗೆ ಕುಣಿಯುವುದೊಂದು ಬಾಕಿ. ಅತ್ತೆ ನನ್ನ ಪಕ್ಕದಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಮುಖವನ್ನೇ ನೋಡುತ್ತಿದ್ದರು.

ಒಂದೆರಡು ಸಣ್ಣ ಬದಲಾವಣೆ ಅಷ್ಟೇ ಎಂದ. ಬಿಂದಿಗೆಗಳು ಪ್ಲಾಸ್ಟಿಕ್ಕಿನವು, ಮಣ್ಣಿನ ಮಡಕೆ ಆಗಬಹುದೇ? ಮರ್ಫಿ ಟೌನಿನ ಹೆಂಗಸರು ಮಣ್ಣಿನ ಮಡಕೆ ಹಿಡಿದು ನಲ್ಲಿ ಮುಂದೆ ಜಗಳವಾಡಿದರೆ ಮೊದಲ ಐದು ನಿಮಿಷದಲ್ಲೇ ಒಂದೂ ಉಳಿಯುವುದಿಲ್ಲ. ಆಗಬಹುದು ಎಂದೆ. ನಲ್ಲಿಯ ಬದಲು ಬಾವಿ? ಆಗಬಹುದು. ಹುಡುಗಿಯ ಕಾಲಿನ ಹವಾಯಿ ಚಪ್ಪಲಿ ತೆಗೆದುಬಿಡೋಣವೇ? ಸಾರ್, ತೆಗೆದುಬಿಡೋಣ. ಮೇಕೆಯನ್ನು ಅವನು ದೊಡ್ಡ ಮನಸ್ಸು ಮಾಡಿ ಉಳಿಸಿಕೊಂಡ. ಹೀಗೆ ನಮ್ಮ ಬೀದಿಯನ್ನು ಪೂರ್ತಿ ಕೆಡವಿ ಕೊಟ್ಟ ಮೇಲೆ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ನನ್ನ ಹೆಸರು ಮುಖಪುಟದಲ್ಲಿ ಎಲ್ಲಿ ಬರುತ್ತದೆ?

ಅವನು ನಸುನಕ್ಕ. ಈ ಮಾಲೆಯ ಮುಖಪುಟ ಬಹಳ ಸರಳ, ಅದರ ಮೇಲೆ ಲೇಖಕಿಯ ಹೆಸರು ಮಾತ್ರ ಎಂದ. ನಿಮ್ಮದು ಒಳಗೆ, ಕೊನೆಯ ಪುಟದಲ್ಲಿ, ಚಿಕ್ಕದಾಗಿ, ಬಹಳ ಅಂದವಾಗಿ ಬರುತ್ತದೆ. ಇದು ಸಂಸ್ಥೆಯ ನಿಯಮ. ನಾನು ಇನ್ನೊಮ್ಮೆ ಕೇಳಿದೆ. ಅವನು ಇನ್ನೊಮ್ಮೆ ಅಷ್ಟೇ ಅಂದವಾಗಿ ಹೇಳಿದ.

‘ಏನಂತೆ?’ ಎಂದರು ಅತ್ತೆ.

‘ಹೆಸರು ಮೇಲೆ ಹಾಕಲ್ವಂತೆ ಅತ್ತೆ. ಒಳಗೆ, ಹಿಂದ್ಗಡೆ ಹಾಕ್ತಾನಂತೆ.’

‘ಹೌದಾ? ಏಳು ಮತ್ತೆ.’ ನನ್ನ ಚಿತ್ರಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ನಾಲ್ಕು ಹೆಜ್ಜೆ ಇಟ್ಟು ಕಿವಿಯಲ್ಲಿ ಪಿಸುಗುಟ್ಟಿದರು. ‘ನಿಧಾನಕ್ಕೆ ನಡಿಯೇ. ತಿರುಗಿ ನೋಡ್ಬೇಡ. ಮೂರ್ನೇ ಅಂಗ್ಡಿ ದಾಟೋ ಹೊತ್ಗೆ ಕರೀತಾನೆ.’

ರಸೆಲ್ ಮಾರ್ಕೆಟಿನಲ್ಲಿ ಇದು ತಪ್ಪಿದ್ದೇ ಇಲ್ಲ. ಬೇಡ ಬಿಡಪ್ಪ ಎಂದು ಹೊರಟರೆ ಹಣ್ಣಿನವನು ಕೂಗಿ ಕರೆಯುತ್ತಾನೆ, ಕರೆಯಲೇಬೇಕು. ಮೂರನೆಯ ಮಳಿಗೆ ದಾಟಿದೆವು. ಯಾರೂ ಕರೆಯಲಿಲ್ಲ. ಆರನೆಯದು ದಾಟಿದೆವು. ಅತ್ತೆ ನಡಿಗೆಯನ್ನು ಇನ್ನೂ ನಿಧಾನ ಮಾಡಿದರು, ಈಗ ನಾವು ನಿಂತೇ ಇದ್ದೇವೇನೋ ಎನ್ನುವಷ್ಟು. ಬಾಗಿಲೇ ಬಂತು. ಆಗ ಹಿಂದಿನಿಂದ ಓಡಿ ಬರುವ ಸದ್ದು, ಮೇಡಂ, ಮೇಡಂ ಎಂದು ಏದುಸಿರು. ಅತ್ತೆ ನನ್ನ ಕಡೆ ತಿರುಗಿ, ಹೇಳ್ಲಿಲ್ವಾ ಎನ್ನುವ ಹಾಗೆ ಹುಬ್ಬು ಹಾರಿಸಿದರು.

ಸ್ಕಾರ್ಫಿನ ಮನುಷ್ಯನ ಕೈಯಲ್ಲಿ ಅತ್ತೆಯ ಕನ್ನಡಕವಿತ್ತು. ಮೇಜಿನ ಮೇಲೆ ಮರೆತು ಬಂದಿದ್ದರು.

ಕನ್ನಡಕ ಕೊಟ್ಟು, ಉಸಿರು ಸುಧಾರಿಸಿಕೊಂಡು, ಪುಸ್ತಕದ ಕೆಲಸ ಇನ್ನೂ ನಿಮ್ಮದೇ, ಹೂಂ ಅನ್ನಿ ಸಾಕು ಎಂದ. ಒಳ್ಳೆಯ ಮನುಷ್ಯನೇ. ಅದೇ ನನಗೆ ಕಷ್ಟವಾದದ್ದು. ಅಷ್ಟು ದೂರ ಬಂದು, ಅಷ್ಟು ಕಾರ್ಡು ಸುರಿದು ಸಿಕ್ಕಿದ್ದು ಒಂದೇ ಒಂದು ಕೆಲಸ. ಬೀದಿ ಕೊಟ್ಟೆ, ನಲ್ಲಿ ಕೊಟ್ಟೆ, ಚಪ್ಪಲಿಯನ್ನೂ ಬಿಡಿಸಿದೆ. ಆದರೆ ಆ ಪುಸ್ತಕ ಹಿಡಿದುಕೊಂಡು ನನ್ನ ಮಗಳು ಮತ್ತೆ ಆ ಟೀಚರ ಮುಂದೆ ನಿಲ್ಲುವುದು ಕಣ್ಣಿಗೆ ಕಟ್ಟಿತು. ನೋ, ಥ್ಯಾಂಕ್ ಯೂ ಎಂದೆ. ಅವನು ಭುಜ ಕುಣಿಸಿ, ಬೇಸರದಿಂದಲೇ, ಹೊರಟು ಹೋದ.

‘ಏನಂದೆ?’

‘ಬೇಡ ಅಂದೆ.’

ಹೊರಗೆ ಮೆಟ್ಟಿಲ ಮೇಲೆ ಕೂತು ನಾನು ಗೊಳೋ ಎಂದು ಅತ್ತುಬಿಟ್ಟೆ. ಹೋಗುವವರು ಬರುವವರು ಸೌಜನ್ಯದಿಂದ ಬೇರೆ ಕಡೆ ನೋಡಿದರು. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ಸುತ್ತ ಗುಂಪು ಸೇರಿ, ಯಾರು ಸತ್ತರು ಎಂದು ವಿಚಾರಿಸಿ, ಸೋಡಾ ತರಿಸುತ್ತಿದ್ದರು. ಅವತ್ತು ಆ ಗುಂಪು ನನಗೆ ಬಹಳ ಬೇಕಾಗಿತ್ತು.

ಅತ್ತೆ ಪಕ್ಕದಲ್ಲಿ ಕೂತು ತುಂಬ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಸಣ್ಣ ದನಿಯಲ್ಲಿ, ‘ನಾನು ಅರಿಶಿನ ಹಚ್ಬಾರ್ದಾಗಿತ್ತಾ?’ ಎಂದರು. ಮದುವೆಯಾದಾಗಿನಿಂದ ಅವರು ಯಾವುದೇ ವಿಷಯಕ್ಕೂ ಹೀಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

‘ಇಲ್ಲ ಅತ್ತೆ. ಅದರ ವಾಸನೆಗೇ ಅವನು ಬಂದಿದ್ದು. ಬೇರೆ ಯಾವನೂ ಬರಲಿಲ್ಲ ನೋಡಿ.’

‘ಹಂಗಾದ್ರೆ ಸರಿ. ಅಳು, ಅತ್ತು ಮುಗ್ಸು. ನಂಗೆ ಹಸಿವಾಗ್ತಾ ಐತೆ.’

ಮತ್ತೆ ಶಿವಾಜಿನಗರ

ಊರಿಗೆ ಬಂದಾಗ ಬೇಸಿಗೆ ರಜೆ. ಜೂನಿಗೆ ಶಾಲೆ ಶುರುವಾಗುವುದರೊಳಗೆ ಮೊದಲಿಯಾರ್ ಅವರ ಹೊಸ ಕಥೆ ಪುಸ್ತಕಗಳು ಅಂಗಡಿಗೆ ಹೋಗಬೇಕು. ಅವುಗಳ ಪೆನ್ಸಿಲ್ ಚಿತ್ರಗಳನ್ನು ನಾನು ಹೋಗುವ ಮುಂಚೆಯೇ ಮುಗಿಸಿದ್ದೆ, ಬಣ್ಣ ಬಾಕಿ ಇತ್ತು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ.

‘ಬನ್ನಿ ಬನ್ನಿ ಡ್ರಾಯಿಂಗ್ ಮೇಡಂ! ಫಾರಿನ್ ಎಲ್ಲ ಹೆಂಗಿತ್ತು? ನಮ್ಮನ್ನೆಲ್ಲ ಮರ್ತೇಬಿಟ್ರಿ ಅಂದ್ಕೊಂಡೆ’ ಎಂದು ಟೀ ತರಿಸಿದರು. ನಾನು ಟೀ ಮುಟ್ಟದೆ ವಿಷಯ ಹೇಳಿದೆ. ಮುಖಪುಟದ ಮೇಲೆ ನನ್ನ ಹೆಸರು ಬಂದರೆ ಬಣ್ಣ ಹಾಕುತ್ತೇನೆ. ಇಲ್ಲದಿದ್ದರೆ ಇಲ್ಲ.

ಅವರು ನಕ್ಕರು. ‘ಅಯ್ಯೋ, ಅಷ್ಟೇನಾ? ಹಾಕೋಣ ಬಿಡಿ. ಒಳಗಡೆ, ಲಾಸ್ಟ್ ಪೇಜಲ್ಲಿ, ನೀಟಾಗಿ, ಸಣ್ಣಕ್ಕೆ...’

ಸ್ಕಾರ್ಫ್ ಒಂದೇ ಕಡಿಮೆ. ಇಷ್ಟು ಸಮುದ್ರ ದಾಟಿ ಬಂದರೂ ಒಂದಕ್ಷರ ಬದಲಾಗದೆ ಅದೇ ಮಾತು ನನಗಾಗಿ ಕಾದಿತ್ತು. ನಾನು ಎದ್ದೆ. ಮೇಜಿನ ಮೇಲೆ ಹರಡಿದ್ದ ಚಿತ್ರಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡೆ. ಅವರು ಏನೋ ಹೇಳುತ್ತಲೇ ಇದ್ದರು. ಈ ಸಲ ನಾನು ನಿಧಾನವಾಗಿ ನಡೆಯಲಿಲ್ಲ. ಯಾರಾದರೂ ಕರೆಯಲಿ ಎನ್ನುವ ಆಸೆ ನಿಜಕ್ಕೂ ಇರಲಿಲ್ಲ. ಇಷ್ಟು ವರ್ಷದ ಕೆಲಸ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಆ ಕಿರಿದಾದ ಮೆಟ್ಟಿಲನ್ನು ಓಡಿಯೇ ಇಳಿದೆ. ಕೆಳಗೆ ಪಾತ್ರೆ ಅಂಗಡಿಯವರು ಹೊಸ ಸ್ಟೀಲ್ ಡಬ್ಬಿಗಳನ್ನು ಬೀದಿಯವರೆಗೂ ಜೋಡಿಸಿದ್ದರು. ಅವುಗಳ ನಡುವೆ ದಾರಿ ಮಾಡಿಕೊಳ್ಳುತ್ತಿದ್ದಾಗ ಮೇಲಿನಿಂದ ಕೂಗು ಬಂತು.

‘ಡ್ರಾಯಿಂಗ್ ಮೇಡಂ! ಏಮ್ಮಾ! ನಿಲ್ಲಮ್ಮ ಸ್ವಲ್ಪ!’

ಮೊದಲಿಯಾರ್ ಮೆಟ್ಟಿಲ ತುದಿಗೆ ಬಂದಿದ್ದರು. ಕಾಲಿಗೆ ಚಪ್ಪಲಿಯೂ ಇರಲಿಲ್ಲ. ‘ಜೂನಿಗೆ ನಾನ್ ಎಲ್ಲಿ ಹುಡುಕ್ಲಿ ಇನ್ನೊಬ್ರನ್ನ? ಹಾಕ್ತೀನಿ ಕಣಮ್ಮ, ಹಾಕ್ತೀನಿ! ಕವರ್ ಮೇಲೇ ಹಾಕ್ತೀನಿ! ದೊಡ್ಡದಾಗೇ ಹಾಕ್ತೀನಿ, ಸಾಕಾ?’

ನಾನು ನಿಂತೆ. ಅಂಗಡಿಯ ಹುಡುಗರು ಡಬ್ಬಿ ಜೋಡಿಸುವುದನ್ನು ಬಿಟ್ಟು ನಮ್ಮಿಬ್ಬರನ್ನೂ ನೋಡಿದರು. ಮೊದಲಿಯಾರ್ ಜೇಬಿನಿಂದ ಪೆನ್ನು ತೆಗೆದರು, ಕಾಗದ ಸಿಗದೆ ಅಂಗೈಯನ್ನೇ ಬಿಚ್ಚಿ ಹಿಡಿದರು. ಬರೆಯುವುದಕ್ಕೆ ಬಗ್ಗಿದವರು ಹಾಗೇ ತಡೆದರು. ಪೆನ್ನು ಅಂಗೈ ಮೇಲೆ ನಿಂತೇ ಇತ್ತು. ಆಮೇಲೆ ತಲೆಯೆತ್ತಿ, ಜೀವಮಾನದಲ್ಲಿ ಮೊದಲ ಸಲ ನಾಚಿಕೊಂಡವರ ಹಾಗೆ, ಕೆಳಗೆ ನನ್ನ ಕಡೆ ನೋಡಿದರು.

‘ಬೇಜಾರ್ ಮಾಡ್ಕೋಬೇಡಿ ಮೇಡಂ... ನಿಮ್ಮ ಹೆಸರು ಏನು?’

ನಾನು ಬೀದಿಯಲ್ಲೇ ನಿಂತು, ಪಾತ್ರೆ ಅಂಗಡಿಯವರಿಗೂ ಕೇಳುವ ಹಾಗೆ ಕೂಗಿ ಹೇಳಿದೆ: ‘ಭಾಗ್ಯಲಕ್ಷ್ಮಿ!’